ವಿಮೆ ನನಗಲ್ಲ, ಅವರಿಗೆ

ಗೆಳೆಯರೇ, ಇವತ್ತು ಒಂದು ಫಾರ್ಮಿನ ಮುಂದೆ ನಮ್ಮಿಬ್ಬರ ಗುಟ್ಟೂ ಹೊರಬಿತ್ತು. ಸಿದ್ದಾಪುರ ಪೇಟೆಯಲ್ಲಿ ನನ್ನ ಹೊಲಿಗೆ ಅಂಗಡಿ, ಪಕ್ಕದಲ್ಲೇ ನಮ್ಮ ಯಜಮಾನರ ಸ್ಕೂಟರ್ ಗ್ಯಾರೇಜು. ನಿವೃತ್ತಿಯಾದ ಮೇಲೆ ವಿಮೆ ಏಜೆಂಟರಾಗಿರುವ ನಮ್ಮ ಪರಿಚಯದ ಮಾಸ್ತರರು ಬೆಳಿಗ್ಗೆ ಆರೋಗ್ಯ ವಿಮೆಯ ಫಾರ್ಮು ಹಿಡಿದು ಬಂದರು. "ಸಂಬಳ, ರಜೆ ಎರಡೂ ಇಲ್ದೇ ಇದ್ದವ್ಕೇ ಇದು ಬೇಕು" ಎಂದರು.

"ಯಂಗೆ ಎಂತಕ್ಕೆ? ಗಟ್ಟಿ ಇದ್ದಿ. ಇದ್ಕೆ ಮಾಡಿ" ಎಂದು ಯಜಮಾನರು ನನ್ನನ್ನು ತೋರಿಸಿದರು.

"ಯಂಗೆ ಎಂತ ಆಜು? ಇವ್ಕೇ ಮಾಡಿ" ಎಂದೆ ನಾನು. "ಸ್ಕೂಟರಿನ ಮುಂದೆ ಕೂತ್ರೆ ಸೊಂಟ ಹಿಡ್ಕಂಡೇ ಏಳ್ತ. ಯಾರಾದ್ರೂ ಬಂದ್ರೆ ಸ್ಪ್ಯಾನರ್ ಹುಡುಕಿದಂಗೆ ಮಾಡ್ತ."

ಅವರೂ ಬಿಡಲಿಲ್ಲ. "ಇದು ಸೂಜಿಗೆ ದಾರ ಪೋಣಿಸಲೆ ಗಿರಾಕಿ ಕೈಲಿ ಕೊಡ್ತು, ಮಾಸ್ತರ್ರೆ. ಯನ್ನತ್ರ ಒಂದು ದಿನಾನೂ ಹೇಳಿದ್ದಿಲ್ಲೆ."

ಅದನ್ನು ಅವರು ಗಮನಿಸಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಅವರ ಮುಖ ನೋಡಿದರೆ ಅವರದೂ ಅದೇ ಕಥೆ. ಇಷ್ಟು ವರ್ಷ ಇಬ್ಬರೂ ಮುಚ್ಚಿಟ್ಟಿದ್ದೆವು, ಇಬ್ಬರೂ ನೋಡಿ ಸುಮ್ಮನಿದ್ದೆವು.

ಮಾಸ್ತರರು ಪೆನ್ನನ್ನು ಕಿಸೆಗೆ ಸೇರಿಸಿದರು. "ಇಬ್ರಿಗೂ ಸೇರಿಸಿ ಒಂದೇ ಪಾಲಿಸಿ ಮಾಡ್ಲಕ್ಕು. ಆದ್ರೆ ಎಂತ ತೊಂದ್ರೆನೂ ಇಲ್ಲೆ ಹೇಳಿ ಬರೆಯಲೆ ಇನ್ನು ಯನ್ನತ್ರ ಆಗ್ತಿಲ್ಲೆ. ಮೊದ್ಲು ಡಾಕ್ಟರ ಹತ್ರ ಹೋಗ್ಬನ್ನಿ."

ಹಾಗಾಗಿ ನಾಳೆ ಎರಡೂ ಅಂಗಡಿ ಬಾಗಿಲು ಹಾಕಿ ಶಿರಸಿಗೆ ಹೊರಟಿದ್ದೇವೆ. ನಾನು ಅವರಿಗೆ ಜೊತೆಯಾಗಿ, ಅವರು ನನಗೆ ಜೊತೆಯಾಗಿ. ಡಾಕ್ಟರಿಗೆ ತೋರಿಸಿಕೊಳ್ಳಲು ಮಾತ್ರ ಯಾರೂ ಹೋಗುತ್ತಿಲ್ಲ.