ಬಿಸಿನೀರಿಗೆ ಬಿಳಿ ಪೈಪು

ಯಾರಾದರೂ ಮನೆ ಕಟ್ಟಿಸುತ್ತಿದ್ದೇನೆ ಎಂದರೆ ನಾನು ಮೊದಲು ಕೇಳುವುದು, ಬಿಸಿನೀರಿಗೆ ಯಾವ ಪೈಪು ಹಾಕಿಸುತ್ತಿದ್ದೀರಿ ಅಂತ. ಬಿಳಿ ಪಿವಿಸಿ ತಣ್ಣೀರಿಗೆ ಸಾಕು. ಸೋಲಾರ್‌ನಿಂದ ಇಳಿಯುವ ನೀರಿಗೆ ಕೆನೆಬಣ್ಣದ ಸಿಪಿವಿಸಿಯೇ ಬೇಕು. ಇದನ್ನು ನನಗೂ ಒಬ್ಬ ಹೇಳಿದ್ದ.

ನನ್ನ ತಂಗಿಯ ಮನೆ ಗುಂಡ್ಲುಪೇಟೆ ಹತ್ತಿರದ ಹಂಗಳ ಊರಲ್ಲಿ. ಭಾವನಿಗೆ ಲಕ್ವ ಹೊಡೆದು ಎಡಗಡೆ ಸ್ವಾಧೀನ ತಪ್ಪಿದ ಮೇಲೆ ದಿನಾ ಬಿಸಿನೀರಿನ ಸ್ನಾನ ಮಾಡಿಸಬೇಕಿತ್ತು. ಹಿತ್ತಲ ಒಲೆಯಿಂದ ಬಚ್ಚಲಿಗೆ ನೀರು ಹೊತ್ತು ಹೊತ್ತು ತಂಗಿಯ ಸೊಂಟ ಬಿದ್ದುಹೋಗಿತ್ತು. ಸೋಲಾರ್ ಹಾಕಿಸೋಣ, ಸಾಮಾನು ನಾನು ಕೊಡಿಸುತ್ತೇನೆ ಎಂದು ಚಾಮರಾಜನಗರದಿಂದ ಹೊರಟೆ. ಅರಿಸಿನದ ವ್ಯಾಪಾರದಲ್ಲಿ ಬರಿಗೈಯಿಂದ ಮೇಲೆ ಬಂದವನು ನಾನು. ಮಾರುವವನು ಹೊಗಳಿದ್ದನ್ನು ಬಿಟ್ಟು ಪಕ್ಕದ್ದನ್ನು ಕೊಳ್ಳಬೇಕು ಎನ್ನುವುದೇ ನಾನು ಕಲಿತ ವಿದ್ಯೆ.

ಗುಂಡ್ಲುಪೇಟೆಯ ಅಂಗಡಿಯವನು ಎರಡೂ ಪೈಪು ಮುಂದಿಟ್ಟ.

"ಸೋಲಾರ್‌ಗಾ ಸಾಮಿ? ಬಿಳೇದು ಬ್ಯಾಡ. ಬಿಸಿಗೆ ಮೆತ್ತಗಾಯ್ತದೆ."

"ಓಗ್ಲಾ, ಲಾಭ ಯಾವುದ್ರಲ್ಲಿ ಜಾಸ್ತಿ ಅಂತ ನಂಗೊತ್ತಿಲ್ವಾ?"

"ನಿಮ್ಮಿಷ್ಟ. ಆಮೇಲ್ ಬಂದು ನನ್ನ ಬೈಬ್ಯಾಡಿ."

"ಬೈಯಾಕಲ್ಲ ಕಣ್ಲಾ, ಇನ್ನೂ ನಾಕ್ ಪೈಪು ತಗೊಳಾಕೆ ಬತ್ತೀನಿ. ಬೆಲೆ ಇಳ್ಸು."

ಇಳಿಸಿದ. ಗೆದ್ದೆ ಅಂದುಕೊಂಡೆ. ಬಿಳಿ ಪೈಪು ನೋಡಿ ಪ್ಲಂಬರ್ ಕೂಡ ತಲೆ ಕೆರೆದುಕೊಂಡ, ಅವನ ಬಾಯನ್ನೂ ಮುಚ್ಚಿಸಿದೆ.

ಚಳಿಗಾಲ ಕಳೆಯಿತು. "ಸೊಂಟ ನೆಟ್ಟಗಾಯ್ತು ಕಣಣ್ಣ" ಎಂದು ತಂಗಿ ಫೋನಿನಲ್ಲಿ ನಕ್ಕಿದ್ದಳು. ಬೇಸಿಗೆಯ ಬಿಸಿಲಿಗೆ ಸೋಲಾರ್ ನೀರು ಕುದಿಯುವಂತಾಯಿತು. ಬಚ್ಚಲ ಗೋಡೆಯ ಮೇಲೆ ಹಾಯಿಸಿದ್ದ ಪೈಪು ಜೋತುಬಿದ್ದು, ತಿರುವಿನ ಎಲ್ಬೋ ಕಳಚಿಕೊಂಡಿತು. ಭಾವ ಸ್ಟೂಲಿನ ಮೇಲೆ ಕೂತಿದ್ದರು, ಕಣ್ಣಿಗೆಲ್ಲ ಸೋಪು. ನೀರು ಸುರಿದದ್ದು ಸ್ಪರ್ಶವೇ ಇಲ್ಲದ ಎಡಗಾಲಿನ ಮೇಲೆ. ಟವೆಲ್ ತರಲು ಹೋಗಿದ್ದ ತಂಗಿ ಬಂದು ಕಿರುಚುವವರೆಗೆ ಅವರಿಗೆ ಗೊತ್ತೇ ಆಗಿರಲಿಲ್ಲ. ಪಾದದ ಚರ್ಮ ಸುಲಿದು ಬಂದಿತ್ತು.

ಮಾರನೆಯ ದಿನವೇ ಸಿಪಿವಿಸಿ ತಂದೆ. ಈ ಸಲ ಚೌಕಾಸಿ ಮಾಡಲಿಲ್ಲ. ಎಲ್ಬೋ, ಅಂಟು ಎಲ್ಲ ಅದಕ್ಕೆ ಸೇರಿದ್ದನ್ನೇ ತೆಗೆದುಕೊಂಡೆ. ನೀವೂ ಹಾಗೇ ಮಾಡಿ, ಹಳೆಯದು ಉಳಿದಿದೆ ಎಂದು ಬೆರೆಸಬೇಡಿ.

ಗಾಯ ಒಣಗಲು ತಿಂಗಳುಗಳೇ ಹಿಡಿದವು. ಈಗಲೂ ಬಿಸಿನೀರಿನ ನಲ್ಲಿ ತಿರುಗಿಸಿದರೆ ಸಾಕು, ಭಾವ ಸ್ಟೂಲಿನಿಂದ ಏಳಲು ಒದ್ದಾಡುತ್ತಾರೆ.

ಕಳೆದ ವಾರ ಹೋದಾಗ ತಂಗಿ ಹಿತ್ತಲ ಒಲೆಯಿಂದ ಬಕೆಟ್ಟಿಗೆ ನೀರು ತುಂಬುತ್ತಿದ್ದಳು.

"ಹೊಸ ಪೈಪು ಗಟ್ಟಿಯಾಗೇ ಅದಲ್ಲವ್ವ, ಯಾಕೆ ಹೊರ್ತೀಯ?"

"ಪೈಪು ಗಟ್ಟಿಯಾಗೇ ಅದೆ ಕಣಣ್ಣ. ಅವ್ರು ಹೆದರ್ಕತಾರೆ, ನಾನೇನ್ ಮಾಡನ?"

ಬಕೆಟ್ ಇಸಿದುಕೊಳ್ಳಲು ಕೈ ಚಾಚಿದೆ. ಅವಳು ಕೊಡಲಿಲ್ಲ.

"ಬುಡು, ಬಿಸಿ ಅದೆ" ಎಂದು ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು ಬಚ್ಚಲ ಕಡೆ ನಡೆದಳು.