ವಿಲೀನದ ನೋಟಿಸು

ಇಪ್ಪತ್ತಾರು ವರ್ಷ ಗೇಟು, ಕಿಟಕಿ ಸರಳುಗಳಿಗೆ ಬೆಸುಗೆ ಹಾಕಿದವಳನ್ನು ವರ್ಕ್‌ಶಾಪಿನಲ್ಲಿ ಎಲ್ಲರೂ ಕಿಡಿಯಕ್ಕ ಎನ್ನುತ್ತಿದ್ದರು. ಒಂದು ಬೆಳಿಗ್ಗೆ, ಎದುರಿನ ವರ್ಕ್‌ಶಾಪಿನ ಜೊತೆ ‘ವಿಲೀನ’ ಎಂಬ ನೋಟಿಸು ಬಾಗಿಲಿಗೆ ಅಂಟಿತ್ತು.

“ವಿಲೀನ ಅಂದ್ರೆ ಏನಪ್ಪಾ?” ಎಂದು ಗುಮಾಸ್ತನನ್ನು ಕೇಳಿದಳು.

“ಉಪ್ಪು ನೀರಲ್ಲಿ ಕರಗೋ ಹಾಗೆ, ಅಕ್ಕ.”

“ನೀರು ನಾವು, ಉಪ್ಪು ನೀವು,” ಎಂದು ನೋಟಿಸು ಓದಲು ಬಂದಿದ್ದ ಎದುರಿನ ಮೇಸ್ತ್ರಿ ನಕ್ಕ.

ಅಲ್ಲೇ ಫಿಟ್ಟರಾಗಿದ್ದ ಆಕೆಯ ತಮ್ಮ ಅವನ ಕೊರಳಪಟ್ಟಿ ಹಿಡಿದ. ಎರಡೂ ಕಡೆಯವರು ಕೈಗೆ ಸಿಕ್ಕ ಸರಳು, ಸುತ್ತಿಗೆ ಎತ್ತಿಕೊಂಡು ಬಡಿದಾಡಿದರು. ಮೇಸ್ತ್ರಿಯ ಸುತ್ತಿಗೆ ಏಟಿಗೆ ತಮ್ಮನ ದವಡೆ ಮುರಿಯಿತು. ಬಿದ್ದವನ ಮೇಲೆ ಮೇಸ್ತ್ರಿ ಮತ್ತೆ ಸುತ್ತಿಗೆ ಎತ್ತಿದಾಗ, ಕಿಡಿಯಕ್ಕ ಕುಲುಮೆಯಲ್ಲಿ ಕೆಂಪಗೆ ಕಾದಿದ್ದ ಕಬ್ಬಿಣದ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಅವನ ಮಣಿಕಟ್ಟಿಗೆ ಒತ್ತಿಬಿಟ್ಟಳು. ಚರ್ಮ ಸುಟ್ಟ ವಾಸನೆಗೆ ಎಲ್ಲರ ಕೈಯೂ ಇಳಿಯಿತು.

ಪಶ್ಚಾತ್ತಾಪ ಇದೆಯೇ ಎಂದು ನ್ಯಾಯಾಧೀಶರು ಕೇಳಿದರು.

“ಕೈ ಸುಟ್ಟಿದ್ದಕ್ಕೆ ಇದೆ, ಸ್ವಾಮಿ. ಆದ್ರೆ ನೋಟಿಸಲ್ಲಿ ಬೆಸುಗೆ ಅಂತ ಬರೀಬಹುದಿತ್ತು. ಬೆಸೆದ್ರೆ ಎರಡೂ ತುಂಡು ಉಳೀತವೆ.”

ಆಕೆಗೆ ಎಂಟು ತಿಂಗಳು ಜೈಲಾಯಿತು. ತಮ್ಮನ ದವಡೆ ಸೊಟ್ಟಗೆ ಕೂಡಿಕೊಂಡಿತು. ಭೇಟಿಗೆ ಬಂದಾಗ ಅವನು ಹೇಳುತ್ತಿದ್ದುದರಲ್ಲಿ ಆಕೆಗೆ ಅರ್ಧವಷ್ಟೇ ತಿಳಿಯುತ್ತಿತ್ತು. ಎಲ್ಲಕ್ಕೂ ಹೂಂ ಎನ್ನುತ್ತಿದ್ದಳು.