ಕಂಬಳಿಯ ಖಾಲಿ ಮೂಲೆ

ಖಾನಾಪುರ ಕಡೆಯ ಬೀಡಿ ಎಂಬ ಊರಿನ ಮಾಯಕ್ಕನ ಸೆರಗಿನಲ್ಲಿ ಎರಡು ಬೀಗದ ಕೈಗಳಿರುತ್ತವೆ. ಒಂದು ಅವಳ ಮನೆಯದು, ಇನ್ನೊಂದು ಊರಿನ ದನಿಪೆಟ್ಟಿಗೆಯದು. ಪೆಟ್ಟಿಗೆ ಎಂದರೆ ಹಳೆ ಶಾಲೆಯ ಕೋಣೆಯಲ್ಲಿರುವ ಕಂಪ್ಯೂಟರ್. ಊರವರು ಫೋನಿನಲ್ಲಿ ಹೇಳಿದ ಹಾಡು, ಕತೆ, ಕುರಿಯ ಮದ್ದು ಎಲ್ಲ ಅದರಲ್ಲಿವೆ. ಬೆಳಗಾವಿ ಬಳಿಯ ಮಚ್ಛೆಯ ಕಾರ್ಖಾನೆಯಲ್ಲಿ ದಿನವಿಡೀ ದುಡಿದು ಬಂದವಳು ಅದರ ಧೂಳು ಒರೆಸಿಯೇ ಮನೆಗೆ ಹೋಗುತ್ತಾಳೆ. ಪೆಟ್ಟಿಗೆ ಯಾರೊಬ್ಬರ ಸ್ವತ್ತೂ ಅಲ್ಲ. ಏನೇ ಮಾಡುವುದಿದ್ದರೂ ಊರವರು ಕಂಬಳಿ ಹಾಸಿ ಕೂಡಬೇಕು. ಕಂಬಳಿಯ ಮೇಲೆ ಸುಳ್ಳಾಡುವಂತಿಲ್ಲ. ಸುಮ್ಮನೆ ಕೂತರೆ ಒಪ್ಪಿದಂತೆ.

ಹೋದ ವರ್ಷ ಬೆಳಗಾವಿಯ ಕಂಪನಿಯೊಂದು ತನ್ನ ಮಾತಾಡುವ ಯಂತ್ರಕ್ಕೆ ಈ ದನಿಗಳನ್ನು ಕೇಳಿತು. ನಮ್ಮ ಮಾತು ಯಂತ್ರಕ್ಕೂ ಬರಲಿ ಎಂದು ಬದುಕಿದ್ದವರೆಲ್ಲ ಒಪ್ಪಿದರು. ಸತ್ತವರ ದನಿ? ಹಿರಿಯ ಗುರುಸಿದ್ದಜ್ಜ ಕಂಬಳಿಯ ಖಾಲಿ ಮೂಲೆಯತ್ತ ನೋಡಿ, "ಅವರೂ ಸುಮ್ಮನ ಅದಾರಲ್ರಿ" ಅಂದ. ಎಲ್ಲರೂ ತಲೆಯಾಡಿಸಿದರು. ಎಂಥ ಬುದ್ಧಿ ನೋಡಿ! ಮಾಯಕ್ಕನೂ ತುಟಿ ಬಿಚ್ಚಲಿಲ್ಲ. ಅವಳ ತಾಯಿ ಸಾವಂತ್ರವ್ವ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ.

ಶ್ರಾವಣದ ಒಂದು ಸಂಜೆ ಖಾನಾಪುರದ ಬಸ್ ನಿಲ್ದಾಣದಲ್ಲಿ ಅವಳಿಗೆ ಫೋನು ಬಂತು.

"ನಮಸ್ಕಾರ್ರೀ. ನಿಮ್ಮ ಗ್ಯಾಸ್ ಸಿಲಿಂಡರ್ ನಾಳೆ ಬರ್ತೈತ್ರಿ. ಮನ್ಯಾಗ ಯಾರರ ಇರ್ತೀರೇನ್ರೀ?"

ಅವ್ವ! ಅದೇ ಒಡಕು ದನಿ, ಮಾತಿನ ನಡುವೆ ಅದೇ ಉಸಿರು. ಜೀವಮಾನವಿಡೀ ಒಲೆ ಊದಿದವಳು ಗ್ಯಾಸಿನ ಮಾತಾಡುತ್ತಿದ್ದಳು. ಹೆತ್ತ ಮಗಳನ್ನು ಯಾರೋ ಹೊರಗಿನವರಂತೆ ಮಾತಾಡಿಸುತ್ತಿದ್ದಳು. ಮಾಯಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಇರ್ತೀನಿ ಯವ್ವಾ," ಅಂದಳು. ಫೋನು ಕಟ್ಟಾಯಿತು.

ಕಂಪನಿಯ ಯಂತ್ರ ಈಗ ಗ್ಯಾಸಿನವರ, ಬಸ್ಸಿನವರ ಪರವಾಗಿ ಊರಿನ ದನಿಗಳಲ್ಲೇ ಫೋನು ಮಾಡುತ್ತಿತ್ತು. ತೀರಿಹೋದ ಗಂಡ ಫೋನಿನಲ್ಲಿ ಬಸ್ಸಿನ ವೇಳೆ ಹೇಳಿದನೆಂದು ನೆರೆಮನೆಯ ರೇಣವ್ವ ಅತ್ತಳು. ಊರಲ್ಲಿ ಯಾರಿಗೆ ಫೋನು ಬಂದರೂ ಎತ್ತಲು ಹೆದರುತ್ತಿದ್ದರು. ಮಾಯಕ್ಕನ ಸಂಕಟ ಬೇರೆಯೇ ಇತ್ತು. ಅವಳು ಆ ಫೋನಿಗಾಗಿ ಕಾಯತೊಡಗಿದ್ದಳು. ಸಿಲಿಂಡರ್ ಖಾಲಿಯಾಗುವ ಮೊದಲೇ ಬುಕ್ ಮಾಡುತ್ತಿದ್ದಳು.

ಊರವರು ಮತ್ತೆ ಕಂಬಳಿ ಹಾಸಿದರು. ಊರು ಬೇಡವೆಂದ ದನಿಯನ್ನು ಕಂಪನಿ ಅಳಿಸಬೇಕೆಂದು ಮೊದಲೇ ಕರಾರಾಗಿತ್ತು.

"ತಪ್ಪಾತು," ಅಂದ ಗುರುಸಿದ್ದಜ್ಜ. "ಸತ್ತವರ ಮಾತು ಅವರವರ ಮನಿಯವರು ಹೇಳ್ರಿ."

ರೇಣವ್ವ ತಡಮಾಡದೆ ಬೇಡವೆಂದಳು. ಮಾಯಕ್ಕನ ಸರದಿ ಬಂತು. ಸುಮ್ಮನಿದ್ದರೆ ಸಾಕಿತ್ತು, ಅವ್ವನ ದನಿ ಉಳಿಯುತ್ತಿತ್ತು. ಅವಳು ಕಂಬಳಿಯ ಖಾಲಿ ಮೂಲೆ ನೋಡಿದಳು. ಅವ್ವ ಕೂಡುತ್ತಿದ್ದುದು ಅಲ್ಲೇ. ಬದುಕಿದ್ದಾಗ ಆ ಮೂಲೆಯಲ್ಲಿ ಅವಳು ಒಂದು ಸಲವೂ ಸುಮ್ಮನಿದ್ದವಳಲ್ಲ.

"ಬ್ಯಾಡ್ರಿ," ಅಂದಳು ಮಾಯಕ್ಕ. ಅಂದವಳೇ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

ಮುಂದಿನ ಸಿಲಿಂಡರಿನ ಫೋನು ಬಂದಾಗ ಗುರುತಿಲ್ಲದ ಹೆಂಗಸಿನ ದನಿ. ಮನೆಯಲ್ಲಿ ಯಾರಾದರೂ ಇರುತ್ತೀರಾ ಎಂದು ಕೇಳಿತು.

"ನಾ ಒಬ್ಬಾಕಿನ ಇರ್ತೀನ್ರಿ," ಅಂದಳು ಮಾಯಕ್ಕ.